ಐದು ಅಂಕದ ಪ್ರಶ್ನೆ

'ಸ್ಟೋಯಿಕರ ಪ್ರಕಾರ ನಮ್ಮ ಕೈಯಲ್ಲಿರುವುದು ಯಾವುದು,
ಇಲ್ಲದ್ದು ಯಾವುದು?
ನಿತ್ಯಜೀವನದ ಉದಾಹರಣೆಯೊಂದಿಗೆ ವಿವರಿಸಿ.'

ಸಂಜೆ ಕಾಲೇಜಿನ ಕಿಟಕಿಯಾಚೆ
ಬಳ್ಳಾರಿ ಗುಡ್ಡ ಇನ್ನೂ ಹಗಲಿನ ಕಾವು ಉಸಿರುತ್ತಿದೆ.
ಪೆನ್ನು ಹಿಡಿದ ಬೆರಳ ತುದಿ ನೀಲಿ,
ಇಂಕಿನದಲ್ಲ.

ಪಂಪಾಪತಿ ಸರ್ ಹೇಳಿದ್ದರು:
ಸ್ಟೋವಾ ಎಂದರೆ ಕಂಬಸಾಲಿನ ಪಡಸಾಲೆ,
ಗುಡಿಯಲ್ಲ, ಅರಮನೆಯಲ್ಲ,
ಸಂತೆಗೆ ಹೊಂದಿಕೊಂಡ ಒಂದಿಷ್ಟು ನೆರಳು.
ಅಲ್ಲಿ ನಿಂತು ಮಾತಾಡಿದವರಿಗೆ ಅದೇ ಹೆಸರು ಉಳಿಯಿತು.
'ಕಟ್ಟಿ ಮ್ಯಾಲಿನ ಮಂದಿ' ಅಂತ
ನೋಟ್‌ಬುಕ್ಕಿನ ಅಂಚಿಗೆ ಬರೆದುಕೊಂಡೆ.
ನಮ್ಮ ಕೌಲ್ ಬಜಾರಿನಲ್ಲೂ ಅಂಥವರುಂಟು,
ಅವರ ಮಾತಿಗೆ ಅಂಕ ಇಲ್ಲ, ಅಷ್ಟೆ.

ಉದಾಹರಣೆ ಬರೆಯುತ್ತೇನೆ, ಸರ್.

ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಗುತ್ತದೆ.
ಇಪ್ಪತ್ತೆರಡು ಮಷೀನು ಒಂದೇ ಉಸಿರಿಗೆ ಸುಮ್ಮನಾಗುತ್ತವೆ,
ಫ್ಯಾನು ಇನ್ನೆರಡು ಸುತ್ತು ತಿರುಗಿ ನಿಲ್ಲುತ್ತದೆ.
ತಗಡಿನ ಕೆಳಗೆ ಏಪ್ರಿಲ್ಲು.
ಎರ್ರೆಮ್ಮ ಕೆಇಬಿಯವರ ಮೂರು ತಲೆಮಾರು ಎತ್ತಿ ಬೈಯುತ್ತಾಳೆ,
ತೆಲುಗಿನಲ್ಲಿ ಸುರುಮಾಡಿ, ಕನ್ನಡದಲ್ಲಿ ಮುಗಿಸಿ.
ಕಟಿಂಗ್ ಮಾಸ್ತರ ಹುಸೇನಪೀರ ಮಾತ್ರ
ಕಿವಿ ಹಿಂದಿನ ಚಾಕ್‌ಪೀಸು ತೆಗೆದು
ನಾಳೆಯ ಬಟ್ಟೆಗೆ ಇವತ್ತೇ ಗುರುತು ಹಾಕುತ್ತಾರೆ.
'ಕರೆಂಟು ಅವರ್ದು, ಚಾಕ್‌ಪೀಸು ನಂದು'
ಅಂತಾರೆ, ತಲೆ ಎತ್ತದೆ.

ಇದಿಷ್ಟಕ್ಕೆ ಎರಡು ಅಂಕ ಬರಬಹುದು.

ಕೇಡನ್ನು ಮೊದಲೇ ನೆನೆದು ನೋಡು ಎಂದರಂತೆ ಅವರು,
ಬಂದಾಗ ಅದು ಗುರುತಿನ ಮುಖವಾಗಿರಲಿ ಎಂದು.
ಓದಿದ ದಿನ ನಗು ಬಂತು.
ನಮ್ಮ ಯೂನಿಟ್ಟಿನ ಹಿಂಬದಿ ಹುಡುಗರು
ಹೊಸ ಪ್ಯಾಂಟಿನ ಮೊಣಕಾಲಿಗೆ ಉಸುಕು ಕಾಗದ ಉಜ್ಜಿ ಉಜ್ಜಿ
ಐದು ವರ್ಷದ ಸವಕಳಿ ಐದು ನಿಮಿಷದಲ್ಲಿ ತರುತ್ತಾರೆ.
ಸವೆದದ್ದಕ್ಕೇ ರೇಟು ಜಾಸ್ತಿ.
ಅಪ್ಪ ಹಾಸಿಗೆ ಹಿಡಿದ ವರ್ಷ
ರಾತ್ರಿಯೆಲ್ಲ ನಾನೂ ಉಜ್ಜಿಕೊಂಡೆ ಮನಸ್ಸನ್ನು:
ಅವನಿಲ್ಲದ ಕುರ್ಚಿ, ಅವನಿಲ್ಲದ ಚಪ್ಪಲಿ, ಅವನಿಲ್ಲದ ಕೆಮ್ಮು.
ಕುರ್ಚಿಗೆ ಸಿದ್ಧಳಾಗಿದ್ದೆ. ಚಪ್ಪಲಿಗೂ.
ಆಮೇಲೊಂದು ಬೆಳಿಗ್ಗೆ ಹಾಲಿನ ಹುಡುಗ
'ಇನ್ನ ಅರ್ಧ ಲೀಟ್ರು ಸಾಕೇನಕ್ಕಾ?' ಅಂದ.
ಅಲ್ಲಿ ಬಟ್ಟೆ ಹೊಚ್ಚ ಹೊಸದಿತ್ತು, ಸರ್,
ಯಾರೂ ಉಜ್ಜಿರಲಿಲ್ಲ.

ಮತ್ತೆ ಒಂದು ಅನುಮಾನ. ಪ್ರಶ್ನೆಪತ್ರಿಕೆಯಲ್ಲಿ ಕೇಳಿಲ್ಲ.

ದೀಪಾವಳಿ ಕಳೆದು ಸೇಟು
ಬೆಲ್ಟ್‌ಲೂಪಿಗೆ ಹತ್ತು ಪೈಸೆ ಇಳಿಸಿದರು.
'ಮಾರ್ಕೆಟ್ಟು ನನ್ನ ಕೈಯಾಗ ಇಲ್ಲಮ್ಮಾ' ಅಂದರು.
ಅದೇ ಪಾಠ. ಮುಖ ಕೂಡ ಅಷ್ಟೇ ಶಾಂತ.
ಒಂದು ಗಳಿಗೆ ನಾನು ತಲೆಯಾಡಿಸಿಯೂ ಬಿಟ್ಟೆ,
ಪರೀಕ್ಷೆಗೆ ಓದಿದವಳಲ್ಲವೇ.
ಹುಸೇನಪೀರ ಮಾಸ್ತರು ಕತ್ತರಿ ಕೆಳಗಿಟ್ಟರು.
'ಕರೆಂಟು ಬ್ಯಾರೆ, ಇದು ಬ್ಯಾರೆ.'
ಕಬ್ಬಿಣ ಹಲಗೆಗೆ ತಾಗಿದ ಸದ್ದು, ದೊಡ್ಡದೇನಲ್ಲ.
ಆವತ್ತು ಕರೆಂಟಿತ್ತು.
ಆದರೂ ಇಪ್ಪತ್ತೆರಡು ಮಷೀನು ಒಂದೊಂದಾಗಿ
ಸುಮ್ಮನಾದವು,
ಎರ್ರೆಮ್ಮನದು ಎಲ್ಲಕ್ಕಿಂತ ಮೊದಲು, ಬೈಗುಳವಿಲ್ಲದೆ.

ಮೂರನೆಯ ದಿನ ಏಳು ಪೈಸೆ ವಾಪಸು ಬಂತು.
ಮೂರು ಬರಲಿಲ್ಲ.
ಆ ಮೂರು ಪೈಸೆಯನ್ನು ಯಾವ ಕಡೆ ಬರೆಯಲಿ,
ಕೈಯಲ್ಲಿದ್ದದ್ದೋ, ಇಲ್ಲದ್ದೋ?
ನಡುವೆ ಗೆರೆ ಎಳೆದವರು
ಚಾಕ್‌ಪೀಸಿನಲ್ಲಿ ಎಳೆದರೋ, ಕತ್ತರಿಯಲ್ಲೋ?
ಚಾಕ್ ಆದರೆ ಒದ್ದೆ ಬಟ್ಟೆಗೆ ಅಳಿಯುತ್ತದೆ,
ಇನ್ನೊಮ್ಮೆ ಹಾಕಬಹುದು.

ಕೊನೆಯ ಹತ್ತು ನಿಮಿಷ ಎನ್ನುತ್ತಿದ್ದಾರೆ.
'ಉತ್ತರಪತ್ರಿಕೆಯಲ್ಲಿ ಯಾವುದೇ ಗುರುತು ಇರಕೂಡದು'
ಮೊದಲ ಪುಟದ ಸೂಚನೆ ಈಗ ನೋಡಿದೆ.
ಪುಟ ಪುಟದ ಮೂಲೆಗೂ
ನೀಲಿ ಹೆಬ್ಬೆರಳು ಬಿದ್ದಿದೆ.
ಎರಡು ಸಲ ಸೋಪು ಹಚ್ಚಿ ತೊಳೆದೇ ಬಂದಿದ್ದೆ, ಸರ್.
ಅದು ನನ್ನ ಕೈಯಲ್ಲಿಲ್ಲ.