ಕೊನೆಯ ಟ್ರಾಮು ಹೋದ ಮೇಲೆ

ಬರ್ನೋ ಊರಿನ ಕೊನೆಯ ಟ್ರಾಮು ಡಿಪೋ ಸೇರುವವರೆಗೆ
ನಾವು ಯಂತ್ರ ಮುಟ್ಟುವುದಿಲ್ಲ.
ಹಳಿ ನಡುಗಿದರೆ ನೆಲಮಾಳಿಗೆ ನಡುಗುತ್ತದೆ,
ಕಾಣದ್ದು ಇನ್ನಷ್ಟು ಕಾಣದಾಗುತ್ತದೆ.
ದ್ರಾಹೋಮೀರಾ ಬಾಗಿಲಿಗೆ ಚೀಟಿ ಅಂಟಿಸಿದ್ದಾಳೆ:
ಕೆಮ್ಮು ಬಂದರೆ ಮೆಟ್ಟಿಲು ಹತ್ತಿ ಕೆಮ್ಮಿ.

ಇವತ್ತಿನ ಮಾದರಿ ಸ್ಕೋಪಾಲನದು.
ಗುಡ್ಡದ ಸ್ಪ್ರೂಸ್ ಮರಗಳಿಗೆ ನಂಬರು ಬರೆಯುವ ಅರಣ್ಯದವನು.
ಮೂರು ವರ್ಷದ ಹಿಂದೆ, ಜೂನಿನಲ್ಲಿ,
ಮಂಡಿಯ ಹಿಂದೆ ಎಳ್ಳಿನಷ್ಟು ಒಂದು ಉಣುಗು.
ಹದಿನೇಳು ದಿನ ಜ್ವರ. ಹೆಂಡತಿಯನ್ನು ನರ್ಸ್ ಅಂದುಕೊಂಡಿದ್ದನಂತೆ.
ಬದುಕಿದ.
ಎಡತೋಳು ಮಾತ್ರ
ಗೂಟಕ್ಕೆ ಹಾಕಿದ ಒದ್ದೆ ಕೋಟಿನದು.

ರಕ್ತ ಕೊಡಲು ಬಂದವನು ಬಲಗೈ ಚಾಚಿ
"ಇದರಿಂದ ತೆಗೀರಿ," ಅಂದ,
"ಅದು ಪಿಂಚಣಿ ತಗೊಂಡು ಕೂತಿದೆ."

ತಾಮ್ರದ ಜಾಲರಿ, ಬೇಳೆಯಷ್ಟೂ ಇಲ್ಲ.
ಅದರ ಮೇಲೊಂದು ಹನಿ.
ಹನಿಯೊಳಗೆ ಕೊಂದಿಟ್ಟ ವೈರಸ್ಸು, ಸ್ಕೋಪಾಲನ ಪ್ರತಿಕಾಯ.
ಮೂರು ಎಣಿಸುವಷ್ಟು ಹೀರುಕಾಗದ ಒತ್ತಿ
ದ್ರವ ಈಥೇನಿಗೆ ಬೀಳಿಸಿದರೆ
ಹರಳುಗಟ್ಟಲು ನೀರಿಗೆ ಪುರುಸೊತ್ತಿಲ್ಲ.
ಗಾಜಾಗಿ ನಿಲ್ಲುತ್ತದೆ,
ಯಾರು ಯಾರನ್ನು ಹಿಡಿದಿದ್ದರೋ ಹಿಡಿದ ಹಾಗೇ.

ಎಲೆಕ್ಟ್ರಾನನ್ನು ಜಿಪುಣನ ಹಾಗೆ ಎಣಿಸಿ ಬಿಡಬೇಕು.
ಕೈ ಸಡಿಲವಾದರೆ ನೋಡುವುದೇ ಸುಡುವುದು.
ಪರದೆಯ ಮೇಲೆ ಬೂದಿ. ಬೂದಿಯ ಮೇಲೆ ಬೂದಿ.
ಹೊಸಬರು ಕೇಳುತ್ತಾರೆ: ಎಲ್ಲಿ?
ನಾನೂ ಕೇಳಿದ್ದೆ.
ಒಂದು ಚಿತ್ರದಲ್ಲಿ ಏನೂ ಇಲ್ಲ,
ನಲವತ್ತು ಸಾವಿರ ನೆರಳನ್ನು ಹೊಂದಿಸಿ ಪೇರಿಸು,
ಆಗ ಒಂದು ಉಂಡೆ ಮೈದಳೆಯುತ್ತದೆ,
ಉಂಡೆಯ ಮೈತುಂಬ ತೋಳುಗಳು.

ಉಡದ ಪಟ್ಟು.
ಎಲ್ಲಿ ಕೀಲಿ ತಿರುವಿ ವೈರಸ್ಸು ನರದೊಳಗೆ ನುಗ್ಗಬೇಕೋ
ಸರಿಯಾಗಿ ಆ ಮಡಿಕೆಯ ಮೇಲೆ.

"ಎರಡು ಕೈ ಇರಬೇಕಲ್ಲ, ಇನ್ನೊಂದೆಲ್ಲಿ?"
ಎರಡು ಗಂಟೆ ರಾತ್ರಿಯ ಪಿಸುದನಿಯಲ್ಲಿ ಕೇಳಿದೆ.
ದ್ರಾಹೋಮೀರಾ ಕನ್ನಡಕ ಹಣೆಗೆ ಏರಿಸಿದಳು.
"ಇದೆ. ಎಲ್ಲೂ ಊರದೆ ಬೀಸಾಡುತ್ತಿತ್ತು,
ಒಂದೊಂದರಲ್ಲಿ ಒಂದೊಂದು ಕಡೆ.
ಸರಾಸರಿಯಲ್ಲಿ ಕರಗಿತು.
ಇಲ್ಲಿ ಅಲ್ಲಾಡಿದ್ದು ಕಾಣುವುದಿಲ್ಲ."

ನವೆಂಬರಿನಲ್ಲಿ ಸ್ಕೋಪಾಲನಿಗೆ ಚಿತ್ರ ಕೊಟ್ಟೆವು.
ತಲೆಕೆಳಗು ಹಿಡಿದು ನೋಡಿದ, ಮತ್ತೆ ನೆಟ್ಟಗೆ.
"ತೊಗಟೆಹುಳ ಹತ್ತಿದ ಕಾಯಿಯ ಹಾಗಿದೆ," ಅಂದ.
"ಇವು ನನ್ನವಾ?"
ನಿಮ್ಮವೇ.
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಹಿಡಿದದ್ದು ಯಾವಾಗ? ಐದನೇ ದಿನವೋ, ಹದಿನೈದನೆಯದೋ?
ಕೈ ಬಿದ್ದದ್ದು ಒಂಬತ್ತನೇ ದಿನ."

ನಾವು ಗಾಜಾಗಿಸಿದ ನೀರಿಗೆ ತಾರೀಖಿಲ್ಲ.
ಹಿಡಿತದ ಆಳ ಅಳೆಯಬಲ್ಲೆವು, ಕೋನ ಹೇಳಬಲ್ಲೆವು,
ತಡವಾಯಿತೇ ಅನ್ನುವುದನ್ನು ಈ ಕೊಳವೆ ಹೇಳದು.
ಹಾಗಂತ ಹೇಳಲು ದ್ರಾಹೋಮೀರಾ ಬಾಯಿ ತೆರೆದಳು, ಕೆಮ್ಮಿದಳು.

ಅವನು ಹಾಳೆಯನ್ನು ಎದೆಗೆ ಒತ್ತಿ
ಒಂದೇ ಕೈಯಲ್ಲಿ ಮಡಿಸಿದ.
ಅಂಚು ಸೇರಲಿಲ್ಲ. ಬಿಚ್ಚಿ, ಮತ್ತೆ ಮಡಿಸಿದ.
ನಾವಿಬ್ಬರೂ ನೆರವಿಗೆ ಕೈ ಚಾಚಲಿಲ್ಲ.
ಮೇಲೆ ಟ್ರಾಮು ಹೋಯಿತು,
ಮೇಜಿನ ಮೇಲಿದ್ದ ಪೆನ್ಸಿಲ್ಲು ಉರುಳಿ
ಅವನ ಬೂಟಿನ ಬಳಿ ಬಿತ್ತು.