ಇಲ್ಲ ಎನ್ನುವ ಪುಟ

ಹಾಸನ. ಬಿತ್ತನೆ ಆಲೂಗಡ್ಡೆ ಮಂಡಿಯ ಮಹಡಿ.
ಕೆಳಗೆ ಜಲಂಧರದ ಗೋಣಿಗಳು ಇಳಿಯುತ್ತಿವೆ,
ಹಮಾಲಿ ಲೆಕ್ಕ, ಬೈಗುಳ, ಕೆಂಪು ಧೂಳು.
ಮೇಲೆ ನಾನು, ಒಂದು ಫ್ಯಾನು,
ಮತ್ತೆ ಈ ಸರ್ವರ್. ನಿನ್ನೆ ಮಧ್ಯಾಹ್ನದಿಂದ
ದರ ಕೇಳಿ ಬಂದವರಿಗೆಲ್ಲ
ಇಂಗ್ಲಿಷಿನಲ್ಲಿ ಬಾಗಿಲು ಹಾಕುತ್ತಿದೆ.

ನಾಟ್ ಫೌಂಡ್. ಅಷ್ಟೇ.
ಬಿಳಿ ಹಾಳೆ, ಕಪ್ಪಕ್ಷರ, ಕೆಳಗೊಂದು ಗೆರೆ,
ಗೆರೆಯ ಕೆಳಗೆ ತನ್ನದೇ ಹೆಸರು, ಪೋರ್ಟು.
ಬಂದವರ ಮುಖ ನೋಡದೆ
ಗುಮಾಸ್ತ ಒತ್ತಿದ ಸೀಲು.

ಕಾರ್ಯದರ್ಶಿ ಧರಣೇಂದ್ರಯ್ಯ ಮೆಟ್ಟಿಲು ಹತ್ತಿ ಬಂದು
"ಕೈ ಮುಗಿಯೋ ಚಿತ್ರ ಒಂದು ಹಾಕಮ್ಮ, ಸಾಕು" ಅಂದರು.
ಹಾಕಲಿಲ್ಲ.

ನಮ್ಮಮ್ಮ ಇಲ್ಲ ಅಂದವಳೇ ಅಲ್ಲ.
ಡಬ್ಬಿಯ ತಳ ಕೆರೆದ ದಿನ ಅರಿಶಿನ ಹೆಚ್ಚಿದೆ ಅನ್ನುವಳು,
ಅಕ್ಕಿ ತುಂಬಿದೆ ಅನ್ನುವಳು,
ದೀಪ ಆರಿಸುವುದಲ್ಲ, ದೊಡ್ಡದು ಮಾಡುವುದು.
ಅಂಗಡಿಯವನಿಗೆ ತಿಳಿಯುತ್ತಿತ್ತು,
ಮಾತಾಡದೆ ಅಳೆದು ಕಟ್ಟುತ್ತಿದ್ದ.

ಯಂತ್ರಕ್ಕೆ ಹಾಗೆ ಹೇಳುವಂತಿಲ್ಲ.
ಹೋದ ವರ್ಷ ಇಲ್ಲಿದ್ದ ಹುಡುಗ
ಇಲ್ಲದ ಪುಟಕ್ಕೂ ಇನ್ನೂರು ಅಂತ, ಎಲ್ಲ ಕ್ಷೇಮ ಅಂತ
ಉತ್ತರ ಕೊಡಿಸಿದ್ದ.
ಜಾಲ ತಡಕುವ ಜೇಡಗಳು ನಂಬಿದವು.
ಖಾಲಿ ಹಾಳೆಗಳನ್ನೆಲ್ಲ ಜೋಪಾನವಾಗಿ ಹೊತ್ತೊಯ್ದು
ಪಟ್ಟಿ ಮಾಡಿ ಊರಿಗೆಲ್ಲ ಹಂಚಿದವು.

ಅದಕ್ಕೇ ಎರಡು ನಾಲಿಗೆ:
ಯಂತ್ರಕ್ಕೆ ನಾನೂರ ನಾಲ್ಕು, ಖಡಕ್ಕಾಗಿ.
ಮನುಷ್ಯರಿಗೆ?

"ಕ್ಷಮಿಸಿ" ಅಂತ ಬರೆದೆ. ತಪ್ಪು ನನ್ನದೋ ಅವರದೋ?
ಅಳಿಸಿದೆ.
"ಪುಟ ಲಭ್ಯವಿರುವುದಿಲ್ಲ": ತಾಲ್ಲೂಕು ಕಚೇರಿಯ ವಾಸನೆ.
ಅದೂ ಹೋಯಿತು. ಕೊನೆಗೆ

ನೀವು ಕೇಳಿದ ಪುಟ ಇಲ್ಲಿಲ್ಲ.
ಇವತ್ತಿನ ದರ ಬೇಕಿದ್ದರೆ ಇಲ್ಲಿ ಒತ್ತಿ.
ಆಗದಿದ್ದರೆ ಫೋನ್ ಮಾಡಿ,
ಮಹಡಿ ಮೇಲೆ ಇರ್ತೀನಿ.

ಸರ್ವರಿಗೆ ಒಂದೇ ಸಾಲಿನ ಆಜ್ಞೆ. ಉಳಿಸಿ, ತೆರೆದು ನೋಡಿದೆ.
ಪುಟವಿಲ್ಲ ಅಂದಿತು;
ಪುಟವಿಲ್ಲ ಎಂದು ಹೇಳಬೇಕಿದ್ದ ಪುಟವೂ
ಇಲ್ಲ ಅಂದಿತು.
ದಾರಿಯ ಮೊದಲಲ್ಲೇ ಒಂದು ಓರೆಗೆರೆ ಬಿಟ್ಟಿದ್ದೆ.
ಒಬ್ಬಳೇ ನಕ್ಕೆ. ಕೆಳಗಿನಿಂದ ಜಬ್ಬಾರ್
ಗೋಣಿ ಹೊತ್ತುಕೊಂಡೇ ತಲೆಯೆತ್ತಿ ನೋಡಿದ.

ಐನೂರಕ್ಕೆ ಇನ್ನೊಂದು ಪುಟ ಮಾಡಿದೆ.
ಅದು ಉಳಿದದ್ದೆಲ್ಲ ಕುಸಿದಾಗ ನಿಲ್ಲಬೇಕಾದ್ದು.
ಚಿತ್ರ ಬೇಡ, ಡೇಟಾಬೇಸ್ ಬೇಡ, ಯಾರ ಹೆಗಲೂ ಬೇಡ.
ಮೂರೇ ಸಾಲು.
ಕತ್ತಲಲ್ಲಿ ತಡವಿದರೆ ಸಿಗಲೆಂದು
ಗೂಡಿನಲ್ಲಿಟ್ಟ ಬೆಂಕಿಪೊಟ್ಟಣ.

ಬೆಳಿಗ್ಗೆ ಏಳಕ್ಕೆ ಫೋನು. ದುದ್ದದಿಂದ, ಚೆಲುವಮ್ಮ.
"ಇಲ್ಲಿಲ್ಲ ಅಂತ ಬರ್ದಿರೋಳು ನೀನೇನಾ?"
ಹೌದಮ್ಮ. ಯಾವ ಪುಟ ಬೇಕಿತ್ತು?
"ದರ ಸಿಕ್ತು ಬಿಡು.
ಮಹಡಿ ಮೇಲೆ ಇರ್ತೀನಿ ಅಂದಿದ್ಯಲ್ಲ,
ಇದ್ದೀಯಾ ಅಂತ ನೋಡ್ದೆ."

ಮೆಟ್ಟಿಲ ಅರ್ಧದಲ್ಲಿದ್ದೆ, ಬೀಗದ ಕೈ ಹುಡುಕುತ್ತ.
ಇದ್ದೀನಿ ಅಂದೆ.