ಇವನಲ್ಲ

ಎನೆಬಿಶ್ ಎಂದರೆ ನಮ್ಮ ಮಂಗೋಲಿ ಮಾತಲ್ಲಿ ‘ಇವನಲ್ಲ’.
ಹಿಂದಿನ ಎರಡು ಕೂಸು ಉಳಿಯಲಿಲ್ಲವೆಂದು
ಅವನ ಅಜ್ಜಿ ಇಟ್ಟ ಹೆಸರು.
ಹುಡುಕಿಕೊಂಡು ಬಂದದ್ದು ಬಾಗಿಲಲ್ಲಿ ನಿಂತು ಕೇಳಿದರೆ
ಇವನಲ್ಲ, ಮುಂದೆ ಹೋಗು, ಎನ್ನುವುದಕ್ಕೆ.

ನಾನೂ ದಿನಾ ಬೆಳಿಗ್ಗೆ ಅದನ್ನೇ ಹೇಳುತ್ತಿದ್ದೆ,
ಹೆಪ್ಪುಗಟ್ಟಿದ ಪೆನ್ನನ್ನು ಅಂಗೈಯಲ್ಲಿ ಉಜ್ಜುತ್ತಾ,
ತಲೆ ಎತ್ತದೆ:
ಇವನಲ್ಲ.
‘ಇದ್ದೇನೆ’ ಎನ್ನುವುದು ಒಂದು ದನಿ, ಒಲೆಯ ಕಡೆಯಿಂದ.
ಒಂದು ಗೀಟು. ಮುಂದಿನ ಹೆಸರು.
ಮೂವತ್ತೆರಡು ಹೆಸರಿಗೆ ಎರಡೇ ನಿಮಿಷ.
ಇಡೀ ಜಿಲ್ಲೆಯಲ್ಲಿ ನನ್ನಷ್ಟು ಚೊಕ್ಕ ಹಾಜರಿ ಪುಸ್ತಕ
ಯಾರದೂ ಇರಲಿಲ್ಲ.

ಎಂಟು ವರ್ಷದವನು, ಹಾಸ್ಟೆಲ್ಲಿನ ಹುಡುಗ.
ಮನೆಯೆಂಬ ಡೇರೆ ತೊಂಬತ್ತು ಕಿಲೋಮೀಟರು ಆಚೆ,
ಅದೂ ಹೋದ ತಿಂಗಳು ಇದ್ದಲ್ಲಿ ಈ ತಿಂಗಳು ಇಲ್ಲ.
ಲೆಕ್ಕದ ಪೀರಿಯಡ್ಡಿನಲ್ಲಿ ನಿದ್ದೆ ಹೋಗುತ್ತಿದ್ದ.
ಡಸ್ಟರಿನಿಂದ ನಾನು ಮೇಜು ಕುಟ್ಟಿದರೆ
ಬೆಚ್ಚಿ ಏಳುತ್ತಿದ್ದ. ಮಕ್ಕಳು ನಗುತ್ತಿದ್ದರು.
ನಾನೂ ನಕ್ಕಿದ್ದೇನೆ, ಸುಳ್ಳೇಕೆ.

ಜನವರಿಯಲ್ಲಿ ವಾರ್ಡನ್ ದೊಲ್ಗೊರಳಿಗೆ ಜ್ವರ ಬಂದ ರಾತ್ರಿ
ಅವಳ ಬದಲಿಗೆ ನಾನು ಮಲಗಲು ಹೋದೆ.
ಹೊರಗೆ ಮೈನಸ್ ಮೂವತ್ತೆಂಟು. ಒಳಗೆ
ಕಲ್ಲಿದ್ದಲ ಹೊಗೆ, ಒದ್ದೆ ಉಣ್ಣೆಬೂಟಿನ ವಾಸನೆ.
ನಡುರಾತ್ರಿ ಎಚ್ಚರಾಗಿ ನೋಡುತ್ತೇನೆ, ಹುಡುಗ
ಮಂಚದಿಂದ ಮಂಚಕ್ಕೆ ಹೋಗಿ
ಒಬ್ಬೊಬ್ಬರ ಮುಖ ಬಗ್ಗಿ ನೋಡುತ್ತಿದ್ದಾನೆ.

ಬೈಯಲು ತೆರೆದ ಬಾಯಿ ಯಾಕೋ ಮುಚ್ಚಿದೆ.
ಅವನ ಪಕ್ಕ ಮೊಣಕಾಲೂರಿದೆ; ಕೀಲು ಲಟಕ್ಕೆಂದಿತು.
‘ಎಣಿಸ್ತಾ ಇದೀಯಾ?’
‘ಇಲ್ಲ ಮೇಷ್ಟ್ರೇ. ಎಣಿಸಬಾರದು ಅಂತಾನೆ ಅಪ್ಪ.
ಎಣಿಸಿದ್ರೆ ಒಂದು ಕಮ್ಮಿ ಅಂತ ಗೊತ್ತಾಗತ್ತೆ,
ಯಾವುದು ಅಂತ ಗೊತ್ತಾಗಲ್ಲ.
ಮುಖ ನೋಡಬೇಕು.
ಐನೂರು ಕುರೀದೂ.’

ಅದಕ್ಕೇ ಹಗಲ ನಿದ್ದೆ.
ಇಷ್ಟು ದಿನ ನನ್ನ ಕೆಲಸ ಅವನು ಮಾಡುತ್ತಿದ್ದ.

ತರಬೇತಿಯಲ್ಲಿ ಕಲಿಸಿದ ವಾಕ್ಯಗಳಿದ್ದವು, ನೆನಪಿಗೂ ಬಂದವು,
ಒಂದೂ ಆ ಕತ್ತಲೆಗೆ ಹೊಂದಲಿಲ್ಲ.
‘ಮಲಗು, ಇವತ್ತು ನಾನು ನೋಡ್ತೇನೆ’ ಅಂದೆ.
ನನ್ನನ್ನು ಮೇಲಿನಿಂದ ಕೆಳಗೆ ಅಳೆದ.
‘ಆ ಮೂಲೆಯ ಚೊಯ್‌ರೋಗ್ ಹೊದಿಕೆ ಒದೀತಾನೆ’ ಎಂದು
ಕಾವಲು ಒಪ್ಪಿಸಿ ಮಲಗಿದ.

ಮರುದಿನದಿಂದ ಪುಸ್ತಕ ಮುಚ್ಚಿಟ್ಟು ಹಾಜರಿ.
ಎರಡು ನಿಮಿಷದ್ದು ಹನ್ನೆರಡಾಯಿತು.
ಯಾರ ತುಟಿ ಒಡೆದಿದೆ, ಯಾರ ಕೈಗವಸು ಒಂಟಿ,
ಮನೆಯಿಂದ ಬಂದ ಒಣಮೊಸರ ತುಂಡನ್ನು ತಿನ್ನದೆ
ಯಾರು ಜೇಬಿನೊಳಗೆ ಮುಟ್ಟಿ ಮುಟ್ಟಿ ಸವೆಸುತ್ತಿದ್ದಾರೆ.
ಗುಣಾಕಾರ ಹಿಂದೆ ಬಿತ್ತು.
ಹೆಡ್ಮಾಸ್ಟರು ಕರೆಸಿ ಕಾರಣ ಕೇಳಿದರು. ಮುಖಗಳು, ಅಂದೆ.
ಬರೆದುಕೊಡಿ, ಅಂದರು.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯ ಮೇಷ್ಟ್ರು.
ಆದರೆ ತಲೆ ಎತ್ತಿದ ಆ ಮೊದಲ ಬೆಳಿಗ್ಗೆಯೇ
ಕಿಟಕಿ ಪಕ್ಕದ ಮೂರನೆಯ ಬೆಂಚು ಖಾಲಿ ಕಂಡಿತು.
ಉರಂಚಿಮೆಗ್. ಊರಂಚಿನ ಡೇರೆಯಿಂದ ನಡೆದು ಬರುವವಳು.
ಪುಸ್ತಕ ತೆರೆದರೆ
ನಾಲ್ಕು ದಿನದಿಂದಲೂ ನನ್ನದೇ ಗೀಟು: ಇದ್ದಾಳೆ.
ಗೆಳತಿ ಯಾರೋ ಅವಳ ದನಿಯಲ್ಲಿ ಓಗೊಟ್ಟಿರಬೇಕು
ನನ್ನ ಬಗ್ಗಿದ ನೆತ್ತಿಗೆ.
ನೆನೆಯಲು ಕಣ್ಣು ಮುಚ್ಚಿದೆ.
ಕೆಂಪು ರಿಬ್ಬನ್ನು ಬಂತು. ಮುಖ ಬರಲಿಲ್ಲ.

ಶಾಲೆ ಬಿಟ್ಟ ಮೇಲೆ ನಡೆದು ಹೋದೆ.
ಡೇರೆ ಇದ್ದ ಜಾಗದಲ್ಲಿ
ಹಿಮ ಬೀಳದ ಒಂದು ದುಂಡನೆಯ ನೆಲ.
ಲೆಕ್ಕ ಕಲಿಸುವವನು, ಆ ಅಂಕಿ ಓದಲು ಬರುತ್ತದೆ ನನಗೆ.
ಯಾವ ದಿಕ್ಕಿಗೆ ಎಂದು ಅಕ್ಕಪಕ್ಕದಲ್ಲಿ ಕೇಳಿದೆ.
ಮೂರು ಜನ ಮೂರು ದಿಕ್ಕು ತೋರಿಸಿದರು.

ಅವಳ ಹೆಸರು ಈಗಲೂ ಕೂಗುತ್ತೇನೆ.
ಉತ್ತರ ಬರುವಷ್ಟು ಹೊತ್ತು ಕಾಯುತ್ತೇನೆ.
ಮಕ್ಕಳು ಬೂಟಿನ ತುದಿ ನೋಡುತ್ತಾರೆ.
ಎನೆಬಿಶ್ ಮಾತ್ರ
ನನ್ನ ಮುಖ ನೋಡುತ್ತಿರುತ್ತಾನೆ.